ತಿಂದದ್ದೆಷ್ಟು ಎನ್ನುವುದಲ್ಲ, ತಿಂದದ್ದು ಎಷ್ಟು ಸಲ: ಹಲ್ಲು, ಒಸಡುಗಳಿಗೆ ಒಗ್ಗುವಂತೆ ದಿನದ ಆಹಾರ ಹೊಂದಿಸುವ ಬಗೆ

ಹಬ್ಬದ ಎಲೆಯಲ್ಲಿ ಒಮ್ಮೆಗೇ ಎರಡು ಹೋಳಿಗೆ ಮುಗಿಸಿದವರಿಗಿಂತ, ಸಕ್ಕರೆ ಬೆರೆಸಿದ ಕಾಫಿಯನ್ನು ಮುಂಜಾನೆಯಿಂದ ಸಂಜೆಯವರೆಗೆ ಗುಟುಕು ಗುಟುಕಾಗಿ ಹೀರುವವರ ಹಲ್ಲಿಗೆ ಹೆಚ್ಚು ಅಪಾಯ. ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಅಲ್ಲಿನ ಪಿಎಚ್ ಮಟ್ಟ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದು, ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಖನಿಜಾಂಶ ಕರಗತೊಡಗುತ್ತದೆ. ಜೊಲ್ಲು ಆ ಹುಳಿಯನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಅಷ್ಟರಲ್ಲಿ ಮತ್ತೊಂದು ಬಿಸ್ಕತ್ತು ಬಾಯಿಗೆ ಬಿದ್ದರೆ ಎಲ್ಲವೂ ಮೊದಲಿಂದ ಶುರು.

ಆದ್ದರಿಂದ ಮೊದಲು ಎರಡು ದಿನ, ನೀರನ್ನುಳಿದು ಬಾಯಿಗೆ ಹೋದದ್ದನ್ನೆಲ್ಲ ಹೊತ್ತು ಹಾಕಿ ಬರೆದಿಡಿ. ಅಡುಗೆಮನೆಯಲ್ಲಿ ಓಡಾಡುತ್ತ ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರು, ಕೆಮ್ಮಿನ ಸಿರಪ್ಪು, ಬಸ್ಸಿನಲ್ಲಿ ಚೀಪಿದ ಪೆಪ್ಪರ್‌ಮೆಂಟು ಎಲ್ಲವೂ ಲೆಕ್ಕಕ್ಕೆ ಬರಬೇಕು. ದಿನದ ಸಕ್ಕರೆ ಸುಮಾರು 25 ಗ್ರಾಂ, ಅಂದರೆ ಆರು ಚಮಚದೊಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಗೇ ಆ ಆರೂ ಮುಗಿಯುತ್ತವೆ.

ಪಟ್ಟಿ ಕೈಗೆ ಬಂದ ಮೇಲೆ, ಬಿಡಲಾಗದ ಸಿಹಿಯನ್ನು ಊಟದ ಹೊತ್ತಿಗೆ ಸರಿಸಿ. ಅಗಿಯುವಾಗ ಜೊಲ್ಲು ಧಾರಾಳವಾಗಿ ಸುರಿಯುವುದರಿಂದ ಆಗ ತಿಂದ ಸಿಹಿಯ ಹಾನಿ ಕಡಿಮೆ. ಪಾಯಸವಾದ ಮೇಲೆ ಮಜ್ಜಿಗೆಯನ್ನ ಉಣ್ಣುವ ನಮ್ಮ ಕ್ರಮ ಇಲ್ಲಿ ನೆರವಿಗೆ ಬರುತ್ತದೆ: ಮೊಸರು, ಮಜ್ಜಿಗೆ ಹುಳಿಯಾದರೂ ಅವುಗಳಲ್ಲಿ ಕ್ಯಾಲ್ಸಿಯಂ, ರಂಜಕ ತುಂಬಿರುವುದರಿಂದ ಎನಾಮೆಲ್ ಕರಗುವುದಿಲ್ಲ.

ಮುಂದಿನದು ಅಂಟಿನ ಪರೀಕ್ಷೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿಂದು ಹತ್ತು ನಿಮಿಷ ಬಿಟ್ಟು, ಕೆಳದವಡೆಯ ಕೊನೆಯ ಹಲ್ಲುಗಳ ಮೇಲೆ ನಾಲಿಗೆ ಆಡಿಸಿ ನೋಡಿ. ಗೀರುಗಳಲ್ಲಿ ಮೆತ್ತಿಕೊಂಡ ಹಿಟ್ಟು ಸಿಗುತ್ತದೆ. ಖರ್ಜೂರ, ಚಿಕ್ಕಿ, ಬೇಕರಿಯ ಬನ್ನು ಇದೇ ಜಾತಿಯವು. ಬೆಲ್ಲ ಹಲ್ಲಿಗೆ ಏನೂ ಮಾಡದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಬೆಲ್ಲದ ಬಹುಪಾಲು ಸುಕ್ರೋಸೇ, ಅಂದರೆ ಬಿಳಿ ಸಕ್ಕರೆಯಲ್ಲಿರುವುದೇ. ಬ್ಯಾಕ್ಟೀರಿಯಾಗಳು ಬಣ್ಣ ನೋಡುವುದಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ಜೇಬಿನಲ್ಲಿಟ್ಟುಕೊಂಡು ದಿನವಿಡೀ ಮೆಲ್ಲುವ ಬದಲು ಒಂದು ಬಟ್ಟಲಿಗೆ ಹಾಕಿಕೊಂಡು ಒಮ್ಮೆಗೇ ತಿಂದು, ಬಾಯಿ ಮುಕ್ಕಳಿಸಿ. ನಡುಹೊತ್ತಿನ ಹಸಿವಿಗೆ ಹುರಿದ ಶೇಂಗಾ, ಕೊಬ್ಬರಿ ಚೂರು, ಸೌತೆಕಾಯಿ ಸಾಕು.

ಹುಳಿಯ ಕಥೆ ಬೇರೆ, ಅದಕ್ಕೆ ಬ್ಯಾಕ್ಟೀರಿಯಾದ ಹಂಗಿಲ್ಲ. ನಿಂಬೆ ಶರಬತ್ತು, ಸೋಡಾ ನೇರವಾಗಿ ಎನಾಮೆಲನ್ನು ಮೆತ್ತಗಾಗಿಸುತ್ತವೆ. ಕುಡಿದ ಕೂಡಲೇ ಹಲ್ಲುಜ್ಜಿದರೆ ಮೆತ್ತಗಾದ ಪದರ ಸವೆಯುತ್ತದೆ. ನೀರಿನಿಂದ ಮುಕ್ಕಳಿಸಿ ಅರ್ಧ ಗಂಟೆ ತಡೆಯಿರಿ. ಹಲ್ಲು ಬೆಳ್ಳಗಾಗಲೆಂದು ನಿಂಬೆಹೋಳು ಉಜ್ಜುವುದಂತೂ ಬೇಡವೇ ಬೇಡ.

ಇನ್ನು ಒಸಡು. ಸಿ ಜೀವಸತ್ವ ತೀರಾ ಕಡಿಮೆಯಾದರೆ ಒಸಡಿನಲ್ಲಿ ರಕ್ತ ಜಿನುಗುತ್ತದೆ ನಿಜ, ಸೀಬೆ, ನೆಲ್ಲಿಕಾಯಿ ಆ ಕೊರತೆ ತುಂಬುತ್ತವೆ. ಆದರೆ ಹಲ್ಲಿನ ಬುಡದಲ್ಲಿ ಪಾಚಿ ಗಟ್ಟಿಯಾಗಿ ಕೂತಿದ್ದರೆ ಬುಟ್ಟಿಗಟ್ಟಲೆ ನೆಲ್ಲಿಕಾಯಿ ತಿಂದರೂ ಊತ ಇಳಿಯದು, ದಂತವೈದ್ಯರೇ ಅದನ್ನು ಕೆರೆದು ತೆಗೆಯಬೇಕು. ಮಧುಮೇಹಿಗಳು ಒಸಡಿನ ರಕ್ತವನ್ನು ಕಡೆಗಣಿಸಬಾರದು. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆಯ ಹತೋಟಿ ಕಷ್ಟವಾಗುತ್ತದೆ. ಊಟವಾದ ಮೇಲಿನ ಎಲೆ-ಅಡಿಕೆಯ ಬಗ್ಗೆ, ಅಡಿಕೆಯೇ ಅನ್ನ ಕೊಡುವ ಮಲೆನಾಡಿನಲ್ಲಿ ಮಾತಾಡುವುದು ಮುಜುಗರದ ಸಂಗತಿ. ಆದರೂ ತಂಬಾಕು ಸೇರಿಸದ ಅಡಿಕೆ ಕೂಡ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ವರ್ಗೀಕರಿಸಿದೆ. ಬಾಯಿ ಅಗಲಿಸಲಾಗದಂತೆ ಒಳಚರ್ಮ ಬಿಗಿಯುವ ಕಾಯಿಲೆಗೂ ಅದೇ ಮೂಲ.

ಕೊನೆಗೆ ರಾತ್ರಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುವುದರಿಂದ, ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಹಲ್ಲುಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಕಚ್ಚಿಕೊಂಡೇ ಮಲಗುವ ಮಗುವಿನ ಮೇಲಿನ ಮುಂಬಲ್ಲುಗಳು ಮೊದಲು ಹುಳುಕಾಗುತ್ತವೆ. ಒಂದೇ ದಿನದಲ್ಲಿ ಬಿಡಿಸಲು ಹೋದರೆ ರಂಪವಾಗುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ಇಳಿಸುತ್ತ, ಹಾಲು ಕುಡಿಸುವ ಹೊತ್ತನ್ನು ಹಲ್ಲುಜ್ಜುವುದಕ್ಕಿಂತ ಮೊದಲಿಗೆ ತನ್ನಿ.