ವಿಂಗ್ರಾ ಸರೋವರದ ಬ್ಲೂಗಿಲ್: ಹಗುರ ಗಾಳದ ನನ್ನ ಅನುಭವ

ಬ್ಲೂಗಿಲ್ ಎಂಬ ಸಿಹಿನೀರಿನ ಮೀನನ್ನು ಹಿಡಿಯುವುದು ಮಕ್ಕಳಾಟ ಎಂದು ಅಮೆರಿಕದಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಬೆರಳುದ್ದದ ಮರಿಗಳ ಮಟ್ಟಿಗೆ ಅದು ನಿಜ. ಎರೆಹುಳುವಿನ ತುಂಡು ಕಂಡರೆ ಸಾಕು, ಮುಗಿಬೀಳುತ್ತವೆ. ಆದರೆ ಏಳೆಂಟು ಇಂಚು ಬೆಳೆದ ಬ್ಲೂಗಿಲ್ ಬಹಳ ಎಚ್ಚರದ ಮೀನು. ಅಂಥವು ನನ್ನ ಗಾಳಕ್ಕೆ ಬೀಳತೊಡಗಿದ್ದು ಒಂದೇ ಕಾರಣಕ್ಕೆ: ದಾರ, ಕೊಕ್ಕೆ, ಬೆಂಡು, ಗುಂಡು, ಎಲ್ಲದರಲ್ಲೂ ಭಾರವನ್ನು ಇಳಿಸುತ್ತಲೇ ಹೋದೆ.

ನಾನು ಹೆಚ್ಚಾಗಿ ಹೋಗುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದೊಳಗೇ ಇರುವ ವಿಂಗ್ರಾ ಸರೋವರಕ್ಕೆ. ಅದೇ ನಗರದ ದೊಡ್ಡ ಸರೋವರಗಳಾದ ಮೆಂಡೋಟಾ, ಮೊನೋನಾಗಳ ಮುಂದೆ ಇದು ಚಿಕ್ಕದು, ಆಳವೂ ಕಡಿಮೆ. ಒಂದು ದಡದಲ್ಲಿ ವಿಲಾಸ್ ಪಾರ್ಕ್, ಇನ್ನೊಂದು ಕಡೆ ವಿಶ್ವವಿದ್ಯಾಲಯದ ಆರ್ಬೊರೇಟಮ್ ಎಂಬ ಸಸ್ಯೋದ್ಯಾನದ ಕಾಡು. 2008ರಲ್ಲಿ ತಳದ ಕೆಸರು ಕದಡುತ್ತಿದ್ದ ಕಾರ್ಪ್ ಮೀನುಗಳನ್ನು ದೊಡ್ಡ ಪ್ರಮಾಣದಲ್ಲಿ ಬಲೆ ಹಾಕಿ ತೆಗೆದರು. ನೀರು ತಿಳಿಯಾಯಿತು, ಬಿಸಿಲು ತಳಕ್ಕಿಳಿಯಿತು, ನೀರುಗಿಡಗಳು ಹಬ್ಬಿದವು. ಆ ಗಿಡಗಳ ಸಂದಿಗಳೇ ಬ್ಲೂಗಿಲ್‌ನ ಬೀಡು. ತಿಳಿನೀರಿನಲ್ಲಿ ನಮಗೆ ಮೀನು ಕಾಣುವಂತೆ ಮೀನಿಗೆ ನಮ್ಮ ದಾರವೂ ಕಾಣುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಈ ಮೀನು ತಿನ್ನುವ ರೀತಿಯನ್ನು ದಡದಲ್ಲಿ ಕುಳಿತು ಒಮ್ಮೆ ಗಮನಿಸಿ ನೋಡಬೇಕು. ಹುಳು ನಿಧಾನವಾಗಿ ಕೆಳಗಿಳಿಯುತ್ತಿರುತ್ತದೆ. ಬ್ಲೂಗಿಲ್ ಬಂದು ಅದರ ಮುಂದೆ ಗಕ್ಕನೆ ನಿಲ್ಲುತ್ತದೆ. ಬದಿಯ ಈಜುರೆಕ್ಕೆಗಳನ್ನು ಮೆಲ್ಲಗೆ ಆಡಿಸುತ್ತ ನಿಂತಲ್ಲೇ ನಿಂತು ದಿಟ್ಟಿಸುತ್ತದೆ. ಮನಸ್ಸಿಗೆ ಬಂದರೆ ಆ ಪುಟ್ಟ ಬಾಯಿಯನ್ನು ತಟಕ್ಕನೆ ತೆರೆಯುತ್ತದೆ. ಒಳನುಗ್ಗುವ ನೀರಿನ ಜೊತೆಗೆ ಹುಳುವೂ ಬಾಯಿಗೆ ಸೇರುತ್ತದೆ. ಅದು ಕಚ್ಚುವುದಿಲ್ಲ, ಹೀರುತ್ತದೆ. ಹೀರಿದಾಗ ಹಿಂದಿನಿಂದ ಏನಾದರೂ ಜಗ್ಗಿದಂತಾದರೆ ಅಷ್ಟೇ ವೇಗದಲ್ಲಿ ಉಗುಳುತ್ತದೆ. ನಿಂಬೆಹಣ್ಣಿನ ಗಾತ್ರದ ಕೆಂಪು-ಬಿಳಿ ಪ್ಲಾಸ್ಟಿಕ್ ಬೆಂಡು ಕಟ್ಟಿದವರಿಗೆ ಇದ್ಯಾವುದೂ ಗೊತ್ತಾಗುವುದೇ ಇಲ್ಲ. ಅದನ್ನು ನೀರೊಳಗೆ ಎಳೆಯುವಷ್ಟು ಹೊತ್ತು ಅನುಭವಸ್ಥ ಮೀನು ಹುಳುವನ್ನು ಬಾಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಆದ್ದರಿಂದ ನಾನು ಬಳಸುವುದು ಪೆನ್ಸಿಲ್‌ಗಿಂತ ತೆಳ್ಳಗಿನ ಬಾಲ್ಸಾ ಮರದ ಬೆಂಡು. ಅದನ್ನು ತೂಗಿಸುವುದರಲ್ಲೇ ಅರ್ಧ ಕೆಲಸವಿದೆ. ದಾರಕ್ಕೆ ತವರದ ಸಣ್ಣ ಗುಂಡುಗಳನ್ನು ಒಂದೊಂದಾಗಿ ಹಿಸುಕಿ ಕೂರಿಸುತ್ತ, ಬೆಂಡಿನ ಕಿತ್ತಳೆ ತುದಿ ಒಂದು ಅಕ್ಕಿಕಾಳಿನಷ್ಟು ಮಾತ್ರ ನೀರಿನ ಮೇಲೆ ಉಳಿಯುವವರೆಗೆ ಮುಳುಗಿಸುತ್ತೇನೆ. ಕೊನೆಯ ಗುಂಡು ಕೊಕ್ಕೆಗಿಂತ ಒಂದು ಗೇಣು ಮೇಲಿರಲಿ. ಆಗ ಹುಳು ಕೊನೆಯ ಗೇಣನ್ನು ತನ್ನ ತೂಕದಿಂದಲೇ, ತೇಲುತ್ತ ಇಳಿಯುತ್ತದೆ. ಹಾಗೆ ಇಳಿಯುತ್ತಿರುವಾಗಲೇ ಮೀನು ಹೆಚ್ಚಾಗಿ ಹೀರುವುದು. ಸೀಸದ ಗುಂಡು ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದನ್ನು ನುಂಗಿದ ಲೂನ್ ಹಕ್ಕಿಗಳು ವಿಷವೇರಿ ಸಾಯುತ್ತವೆ. ನಾನು ಮುಟ್ಟುವುದಿಲ್ಲ.

ಬೆಂಡು ಮುಳುಗಲಿ ಎಂದು ಕಾಯಬೇಡಿ. ಮೀನು ಹುಳುವನ್ನು ಹೀರಿಕೊಂಡು ಮೇಲಕ್ಕೆ ಬಂದರೆ ಬೆಂಡು ಎದ್ದು ಅಡ್ಡ ಮಲಗುತ್ತದೆ. ಕೆಲವೊಮ್ಮೆ ಗಾಳಿಗೆ ಎದುರಾಗಿ ಒಂದಿಂಚು ಸರಿಯುತ್ತದೆ, ಅಷ್ಟೇ. ಸಂಶಯ ಬಂದ ಕೂಡಲೇ ಮಣಿಕಟ್ಟನ್ನು ಮೆಲ್ಲಗೆ ಎತ್ತಿದರೆ ಸಾಕು. ಜೋರಾಗಿ ಎಳೆದರೆ ತೆಳುವಾದ ತುಟಿ ಹರಿಯುತ್ತದೆ.

ಉಳಿದ ಸಲಕರಣೆ ಸರಳ. ಐದೂವರೆ ಅಡಿಯ ಬಳುಕುವ ಕೋಲು, ಚಿಕ್ಕ ಸ್ಪಿನ್ನಿಂಗ್ ರೀಲು, ನಾಲ್ಕು ಪೌಂಡ್ ಭಾರ ತಾಳುವ ನೈಲಾನ್ ದಾರ. ಗಿಡಗಳಿಲ್ಲದ ಕಡೆ ಎರಡು ಪೌಂಡ್‌ನ ದಾರವೂ ನಡೆಯುತ್ತದೆ. ಕೊಕ್ಕೆ ಎಂಟು ಅಥವಾ ಹತ್ತನೇ ನಂಬರಿನದು, ತೆಳು ತಂತಿಯದು, ಕಾಂಡ ಉದ್ದವಿರುವಂಥದು. ಕಾಂಡ ಉದ್ದವಿದ್ದರೆ ಪುಟ್ಟ ಬಾಯಿಯಿಂದ ಬಿಡಿಸುವುದು ಸುಲಭ. ಹುಳುವನ್ನು ಉಗುರಿನಷ್ಟೇ ಉದ್ದಕ್ಕೆ ಕತ್ತರಿಸಿ, ತುದಿ ಜೋಲಾಡದಂತೆ ಪೋಣಿಸುತ್ತೇನೆ. ಬಾಲ ಬಿಟ್ಟರೆ ಮರಿಗಳು ಅದನ್ನೇ ಕಿತ್ತುಕೊಂಡು ಹೋಗುತ್ತವೆ.

ಗಾಳಕ್ಕೆ ಬಿದ್ದ ಬ್ಲೂಗಿಲ್ ನೇರ ಓಡುವುದಿಲ್ಲ. ಚಪ್ಪಟೆ ಮೈಯನ್ನು ದಾರಕ್ಕೆ ಅಡ್ಡ ತಿರುಗಿಸಿ, ಸುತ್ತು ಹಾಕತೊಡಗುತ್ತದೆ. ಕಾಲು ಕಿಲೋ ತೂಗದ ಮೀನಿಗೆ ಕೋಲು ಹಿಡಿಯವರೆಗೂ ಬಾಗುವುದನ್ನು ನೋಡಿದಾಗಲೆಲ್ಲ ನನಗೆ ಅದರ ಮೇಲೆ ಗೌರವ ಮೂಡುತ್ತದೆ. ಕೈಗೆ ತೆಗೆದುಕೊಳ್ಳುವ ಮುನ್ನ ಅಂಗೈ ಒದ್ದೆ ಮಾಡಿಕೊಳ್ಳಿ, ಮೀನಿನ ಮೈಲೋಳೆ ಉಳಿಯುತ್ತದೆ. ಬೆನ್ನಿನ ಮುಳ್ಳುಗಳನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ ಮಲಗಿಸಿದರೆ ಚುಚ್ಚುವುದಿಲ್ಲ.

ಇನ್ನು ಋತುವಿನ ವಿಷಯ. ಇದನ್ನು ಹೇಳಲೆಂದೇ ಬರೆಯಲು ಕುಳಿತೆ. ಮೇ ಕೊನೆಯಿಂದ, ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಗಂಡುಮೀನುಗಳು ದಡದ ಬಳಿ ಬಾಲದಿಂದ ತಳವನ್ನು ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತವೆ. ಪೋಲರಾಯ್ಡ್ ಕನ್ನಡಕ ಹಾಕಿದರೆ ಒತ್ತೊತ್ತಾಗಿ ಬಿಳಿಚಿದ ವೃತ್ತಗಳು ಕಾಣುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಮಾತ್ರ ಅಲ್ಲೇ ನಿಂತು, ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತ, ಬಂದವರನ್ನೆಲ್ಲ ಅಟ್ಟುತ್ತದೆ. ಎದೆ ಕೆಂಗಿತ್ತಳೆ, ಕಿವಿರಿನ ಮುಚ್ಚಳದ ತುದಿಯಲ್ಲಿ ಕಪ್ಪು ಮಚ್ಚೆ. ವರ್ಷದಲ್ಲೇ ಅತಿ ಸುಲಭವಾಗಿ ಸಿಗುವ ದೊಡ್ಡ ಮೀನು ಇದು, ಏಕೆಂದರೆ ಅದು ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿಯೇ ಬಕೆಟ್ ತುಂಬಿಸಿಕೊಂಡು ಹೋಗುವವರಿದ್ದಾರೆ.

ನಾನು ಆ ಗಂಡುಗಳನ್ನು ಒಯ್ಯುವುದಿಲ್ಲ. ಕಾವಲಿನವನು ಹೋದ ಗಳಿಗೆಯಲ್ಲೇ ಸಣ್ಣಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ತಿಂದು ಮುಗಿಸುತ್ತವೆ. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ದೊಡ್ಡ ಗಂಡುಗಳಿದ್ದಷ್ಟು ದಿನ ಎಳೆಯವಕ್ಕೆ ಗೂಡು ಕಟ್ಟಲು ಜಾಗ ಸಿಗುವುದಿಲ್ಲ, ಅವು ಬೆಳೆಯುವುದರಲ್ಲೇ ಶಕ್ತಿ ತೊಡಗಿಸುತ್ತವೆ. ದೊಡ್ಡವು ಇಲ್ಲವಾದರೆ ಎಳೆಯ ಗಂಡುಗಳು ಬೇಗನೆ ಪ್ರಾಯಕ್ಕೆ ಬಂದು ಅಲ್ಲಿಗೇ ಬೆಳವಣಿಗೆ ನಿಧಾನಿಸುತ್ತವೆ. ಕೆಲವೇ ವರ್ಷಗಳಲ್ಲಿ ಸರೋವರದ ತುಂಬ ಕುಳ್ಳ ಮೀನುಗಳೇ ಉಳಿಯುತ್ತವೆ. ಈ ಉತ್ತರದ ಚಳಿಯಲ್ಲಿ ಏಳು ಇಂಚು ಬೆಳೆಯಲು ಸಾಮಾನ್ಯವಾಗಿ ಐದಾರು ವರ್ಷವೇ ಬೇಕು. ರಾಜ್ಯದ ಸಾಮಾನ್ಯ ನಿಯಮ ದಿನಕ್ಕೆ ಒಟ್ಟು 25 ಪ್ಯಾನ್‌ಫಿಶ್‌ಗಳಿಗೆ (ಬ್ಲೂಗಿಲ್‌ನಂಥ, ಬಾಣಲೆಯಲ್ಲಿ ಹಿಡಿಸುವ ಸಣ್ಣ ಮೀನುಗಳಿಗೆ) ಅವಕಾಶ ಕೊಡುತ್ತದೆ, ಕೆಲವು ಸರೋವರಗಳಲ್ಲಿ ಇನ್ನೂ ಕಡಿಮೆ. ಒಂದು ಮನೆಗೆ ಅಷ್ಟು ಏಕೆ ಬೇಕು? ನಾನು ಆರು ಇಂಚಿನ ಆಸುಪಾಸಿನವನ್ನು ಒಂದು ಹೊತ್ತಿನ ಊಟಕ್ಕಾಗುವಷ್ಟು ಇಟ್ಟುಕೊಂಡು, ದೊಡ್ಡವನ್ನು ನೀರಿಗೆ ಬಿಡುತ್ತೇನೆ.

ಇಷ್ಟು ಅಕ್ಕರೆಯಿಂದ ಹೇಳಿದರೂ ಈ ಮೀನು ಅದರ ನೀರಿನಲ್ಲೇ ಇರಬೇಕು. 1960ರಲ್ಲಿ ಷಿಕಾಗೋದ ಮೇಯರ್ ಆಗ ಜಪಾನಿನ ಯುವರಾಜರಾಗಿದ್ದ ಅಕಿಹಿತೊ ಅವರಿಗೆ ಬ್ಲೂಗಿಲ್‌ಗಳನ್ನು ಉಡುಗೊರೆ ಕೊಟ್ಟರು. ಜಪಾನಿನ ಸರೋವರಗಳಿಗೆ ಹರಡಿದ ಅವು ಅಲ್ಲಿನ ಮೂಲ ಮೀನುಗಳಿಗೆ ಕಂಟಕವಾದವು. 2007ರಲ್ಲಿ ಚಕ್ರವರ್ತಿಯಾಗಿದ್ದ ಅವರೇ ಅದಕ್ಕಾಗಿ ನೋವು ತೋಡಿಕೊಂಡರು.

ಅಡುಗೆಗೆ ಬಂದರೆ, ಇಲ್ಲಿಯವರು ಎರಡು ಬದಿಯ ಮಾಂಸವನ್ನಷ್ಟೇ ಕೊಯ್ದು ಉಳಿದದ್ದನ್ನು ಬಿಸಾಡುತ್ತಾರೆ. ನಾನು ಪೊರೆ ಹೆರೆದು, ತಲೆ ಮತ್ತು ಕರುಳು ತೆಗೆದು, ಇಡಿಯಾಗಿಯೇ ಬಳಸುತ್ತೇನೆ. ಅಡ್ಡಕ್ಕೆ ಕಚ್ಚು ಹಾಕಿ, ಬ್ಯಾಡಗಿ ಮೆಣಸಿನಪುಡಿ, ಅರಿಶಿನ, ಉಪ್ಪು, ಹುಣಸೆ ರಸ ಸವರಿ ಅರ್ಧ ಗಂಟೆ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿಯುತ್ತೇನೆ. ಮಾಂಸ ಗಟ್ಟಿ, ವಾಸನೆಯಿಲ್ಲ. ಯಾವ ಸರೋವರದ ಮೀನನ್ನು ಎಷ್ಟು ತಿನ್ನಬಹುದು ಎಂಬ ಸಲಹೆಯನ್ನು ರಾಜ್ಯದ ಇಲಾಖೆ ಪ್ರಕಟಿಸುತ್ತದೆ, ಗರ್ಭಿಣಿಯರಿರುವ ಮನೆಯವರು ತಪ್ಪದೆ ನೋಡಬೇಕು. ಹುರಿದ ಮೇಲೆ ಬೆನ್ನಿನ ರೆಕ್ಕೆಯನ್ನು ಹಿಡಿದು ಎಳೆದರೆ ಅದರ ಬುಡದ ಮುಳ್ಳಿನ ಸಾಲು ಒಟ್ಟಿಗೇ ಕಿತ್ತುಬರುತ್ತದೆ. ಮಕ್ಕಳಿಗೆ ಬಡಿಸುವ ಮುನ್ನ ಅದನ್ನು ತೆಗೆದುಬಿಡಿ.