ಎಂಟು ಹತ್ತು ನಿಮಿಷದ ನ್ಯೂರೋ ಪರೀಕ್ಷೆ: ನನ್ನ ಅನುಭವ

ಬೆಂಗಳೂರಿನ ಸಣ್ಣ ಕ್ಲಿನಿಕ್‌ನಲ್ಲಿ ಪೂರ್ತಿ ನ್ಯೂರೋ ಪರೀಕ್ಷೆ (ಮೆದುಳು, ನರ ಸರಿಯಿದೆಯಾ ನೋಡುವುದು) ಆಗೋ ಮಾತಲ್ಲ, ಡೌಟ್ ಬಂದರೆ ಎಂಆರ್‌ಐ ಬರೆದುಬಿಡು ಅಂತ ನನಗೆ ಹೇಳದವರಿಲ್ಲ. ಈಗ ಆಗುತ್ತಿದೆ, ಎಂಟು ಹತ್ತು ನಿಮಿಷದಲ್ಲಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನಲ್ಲಿ ಕಲಿತ ಕ್ರಮದಲ್ಲೇ ಹೋಗುತ್ತಿದ್ದೆ. ಕ್ರೇನಿಯಲ್ ನರ್ವ್ (ತಲೆಯ ನರಗಳು), ಮೋಟಾರ್ (ಶಕ್ತಿ, ಚಲನೆ), ಸೆನ್ಸರಿ (ಸ್ಪರ್ಶ), ಕೊನೆಗೆ ಗೇಟ್, ಅಂದರೆ ನಡಿಗೆ. ಅರ್ಧ ಗಂಟೆ ಹಿಡಿಯುತ್ತಿತ್ತು. ಬೆಂಚಿನಲ್ಲಿ ಕೂತವರು ಬಾಗಿಲು ತಳ್ಳಿ ಇಣುಕೋರು. ಆಮೇಲೆ ಸಾವಿರ ಚಿಲ್ಲರೆ ಕೊಟ್ಟು ಫಾರ್ಮ್ ಪ್ರಿಂಟ್ ಹಾಕಿಸಿದೆ. ಟಿಕ್ ಹಾಕುವುದರಲ್ಲೇ ಟೈಮ್ ಹೋಯಿತು. ಆ ಕಟ್ಟಿನ ಹಿಂಬದಿಯಲ್ಲಿ ಕಾಂಪೌಂಡರ್ ಇವತ್ತಿಗೂ ಲೆಕ್ಕ ಬರೆಯುತ್ತಾನೆ.

ಈಗ ಕ್ರಮ ತಲೆಕೆಳಗು. ಗೇಟ್ ಮೊದಲು. ಬಾಗಿಲಿಂದ ಟೇಬಲ್‌ಗೆ ಹತ್ತು ಹನ್ನೆರಡು ಹೆಜ್ಜೆ ಸಿಗುವ ಹಾಗೆ ಕುರ್ಚಿ ಹಿಂದಕ್ಕೆ ಹಾಕಿಸಿದೆ. ಎರಡೂ ಕೈ ಬೀಸುತ್ತಾರಾ? ತಿರುಗೋಕೆ ಎಷ್ಟು ಹೆಜ್ಜೆ? ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗದೆ ನಡೆದು ಬಂದರೆ 128ರ ಫೋರ್ಕ್ (ಕಾಲಿಗೆ ಕಂಪನ ಗೊತ್ತಾಗುತ್ತಾ ನೋಡುವ ಸಾಧನ) ತೆಗೆಯುವ ಮೊದಲೇ ಅರ್ಧ ಉತ್ತರ ಸಿಕ್ಕಿತು, ಪಾದಕ್ಕೆ ಸ್ಪರ್ಶ ಕಮ್ಮಿ. ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಾದರೆ ಬಿ12 ವಿಟಮಿನ್ ಟೆಸ್ಟ್ ಕೂಡ ಬರೆಯುತ್ತೇನೆ, ಆ ಮಾತ್ರೆಯಿಂದ ಅದು ಕಮ್ಮಿಯಾಗಿಯೂ ಕಾಲು ಮರಗಟ್ಟಬಹುದು. ಕೂತ ಮೇಲೆ ಕಣ್ಣು ಮುಚ್ಚಿಸಿ, ಅಂಗೈ ಮೇಲೆ ಮಾಡಿ ಕೈ ಚಾಚಿಸುವುದು (ಒಂದು ಕೈ ಇಳಿಯುತ್ತಾ ನೋಡೋಕೆ), ಬೆರಳಿಂದ ಮೂಗು ಮುಟ್ಟಿಸುವುದು, ಆಮೇಲೆ ಜರ್ಕ್ (ಸುತ್ತಿಗೆಯಿಂದ ತಟ್ಟಿದರೆ ಕೈಕಾಲು ತಾನಾಗೇ ಚಿಮ್ಮುತ್ತಾ ಅಂತ). ಸೆನ್ಸರಿ ಇಡೀ ಮೈಗೆ ಮಾಡಲ್ಲ, ಮಿಕ್ಕಿದ್ದು ಎತ್ತ ತೋರಿಸುತ್ತೋ ಅಷ್ಟಕ್ಕೆ.

ಸುತ್ತಿಗೆ ವಿಷಯಕ್ಕೆ ಜಾಸ್ತಿ ದುಡ್ಡು ಹೋಯಿತು. ಮಾರ್ಕೆಟ್ ಹತ್ತಿರದ ಸರ್ಜಿಕಲ್ ಅಂಗಡಿಯಲ್ಲಿ ನೂರು, ನೂರೈವತ್ತಕ್ಕೆ ಸಿಗುವ ತ್ರಿಕೋನದ ಸುತ್ತಿಗೆ ತೀರಾ ಹಗುರ. ದಪ್ಪ ಕಾಲಿನವರಿಗೆ ಹಿಮ್ಮಡಿ ಮೇಲೆ ತಟ್ಟಿದರೆ ಆ್ಯಂಕಲ್ ಜರ್ಕ್ ಬರೋದೇ ಇಲ್ಲ. ಅಂಥವು ಮೂರು ನಾಲ್ಕು ಕೊಂಡ ಮೇಲೆ ಉದ್ದ ಹಿಡಿಯ, ದುಂಡು ತಲೆಯ ಕ್ವೀನ್ ಸ್ಕ್ವೇರ್ ತಂದೆ, ಆರುನೂರರ ಆಸುಪಾಸು. ಅದರ ಭಾರವೇ ಕೆಲಸ ಮಾಡುತ್ತೆ, ನಾವು ಬಡಿಯಬೇಕಿಲ್ಲ. ಆಗಲೂ ಜರ್ಕ್ ಬರದಿದ್ದರೆ ಎರಡೂ ಕೈಯ ಬೆರಳು ಕೊಕ್ಕೆ ಹಾಕಿ ಎಳೆಸಬೇಕು, ಎಳೆಯುವಾಗ ಜರ್ಕ್ ಜೋರಾಗುತ್ತೆ. ಆದರೆ ಎಳೆಯಿರಿ ಅಂದರೆ ನಮ್ಮವರು ಮೊದಲೇ ಎಳೆದು ಸುಸ್ತಾಗುತ್ತಾರೆ. ತಟ್ಟುವ ಕ್ಷಣಕ್ಕೇ ಎಳೆಯುವ ಹಾಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅದು ಮಾತ್ರ ಇಲ್ಲಿ ಬರೆಯಲ್ಲ.

ಮಾತು ತೊದಲುತ್ತಾ ನೋಡೋಕೆ ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿ ಮರಿ’ ಹೇಳಿಸಿ ನೋಡಿದೆ. ಏನೂ ತೊಂದರೆ ಇಲ್ಲದವರೂ ಎಡವಿ ನಕ್ಕುಬಿಡುತ್ತಾರೆ, ನಾನೂ ಎಡವುತ್ತೇನೆ. ಬಿಟ್ಟೆ. ಈಗ ‘ಪಟಾಕಿ ಪಟಾಕಿ ಪಟಾಕಿ’ ಬೇಗ ಬೇಗ ಹೇಳಿಸುತ್ತೇನೆ. ‘ಪ’ಗೆ ತುಟಿ, ‘ಟ’ಗೆ ನಾಲಿಗೆ ತುದಿ, ‘ಕಿ’ಗೆ ನಾಲಿಗೆಯ ಹಿಂಭಾಗ, ಮೂರೂ ಒಂದರಲ್ಲೇ ಬಂತಲ್ವಾ! ವಾಸನೆಗೆ ಕರ್ಪೂರ ಇಟ್ಟೆ, ಉಪಯೋಗವಿಲ್ಲ. ಅದು ಮೂಗಿಗೆ ತಂಪು ಹೊಡೆದು ಮುಖದ ಸ್ಪರ್ಶದ ಐದನೇ ನರವನ್ನೂ ಎಬ್ಬಿಸುತ್ತೆ, ವಾಸನೆಯ ನರ ಕೆಟ್ಟಿದ್ದರೂ ಗೊತ್ತಾಗಿಬಿಡುತ್ತೆ. ಫಿಲ್ಟರ್ ಕಾಫಿ ಪುಡಿಯೇ ವಾಸಿ, ವಾರಕ್ಕೊಮ್ಮೆ ಬದಲಾಯಿಸಬೇಕು ಅಷ್ಟೇ.

ನಂಬದವರ ಬಾಯಿ ಮುಚ್ಚಿಸಿದ್ದು ಒಬ್ಬ ಹಿರಿಯರ ಕೇಸು. ಕಾಲು ಬಿಗಿಯುತ್ತೆ, ನಡೆಯೋಕೆ ಆಗಲ್ಲ ಅಂತ ಸೊಂಟದ ಎಂಆರ್‌ಐ ಆಗಿತ್ತು. ಏಳೆಂಟು ಸಾವಿರ ಖರ್ಚು, ರಿಪೋರ್ಟ್‌ನಲ್ಲಿ ವಯಸ್ಸಿನ ಸವೆತ ಬಿಟ್ಟರೆ ಏನಿಲ್ಲ. ಕೂತವರೇ ಚೀಟಿ ತೆಗೆಯೋಕೆ ಅಂಗಿ ಜೇಬಿನಲ್ಲಿ ಬೆರಳಾಡಿಸಿದರು, ಚೀಟಿ ಸಿಗಲೊಲ್ಲದು. ಮೊಮ್ಮಗ ತೆಗೆದುಕೊಟ್ಟ. “ಅಂಗಿ ಗುಂಡಿ ಯಾರು ಹಾಕ್ತಾರೆ ಯಜಮಾನ್ರೇ?” ಅಂದೆ. “ಇವನೇ ಸಾರ್, ಎರಡು ತಿಂಗಳಾಯ್ತು. ವಯಸ್ಸಾಯ್ತಲ್ಲ” ಅಂದರು. ಮಂಡಿ ತಟ್ಟಿದರೆ ಕಾಲು ಚಿಮ್ಮಿತು. ಅಂಗಾಲು ಗೀರಿದರೆ ಎರಡೂ ಹೆಬ್ಬೆರಳು ಮೇಲಕ್ಕೆ, ಅಂದರೆ ತೊಂದರೆ ಸೊಂಟಕ್ಕಿಂತ ಮೇಲೆ. ದವಡೆ ಜರ್ಕ್ ನಾರ್ಮಲ್, ಅಂದರೆ ತಲೆಗಿಂತ ಕೆಳಗೆ. ಸುಪಿನೇಟರ್ (ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಬದಿ) ತಟ್ಟಿದರೆ ಮೊಣಕೈ ಮಡಚಲಿಲ್ಲ, ಬದಲಿಗೆ ಬೆರಳು ಮಡಚಿಕೊಂಡವು. ಸಿ5-ಸಿ6, ಅಂದರೆ ಬೆನ್ನುಹುರಿಯ ಐದು-ಆರನೇ ಮಟ್ಟ, ಕುತ್ತಿಗೆ! ಚೀಟಿಯಲ್ಲಿ ಲೆವೆಲ್ ಸಮೇತ ಬರೆದು ನಿಮ್ಹಾನ್ಸ್‌ಗೆ ಕಳಿಸಿದೆ. ಕುತ್ತಿಗೆ ಸ್ಕ್ಯಾನ್‌ನಲ್ಲಿ ಬೆನ್ನುಹುರಿ ಅಲ್ಲೇ ಒತ್ತಿಕೊಂಡಿತ್ತು. ಸೊಂಟದ ಸ್ಕ್ಯಾನ್ ಬರೆದಿದ್ದ ಡಾಕ್ಟರೇ ಈಗ ಕಾಲು ಬಿಗಿಯೋ ಕೇಸುಗಳನ್ನು ಮೊದಲು ನನ್ನ ಹತ್ತಿರ ಕಳಿಸುತ್ತಾರೆ.

ಫಂಡಸ್ (ಕಣ್ಣಿನ ಒಳಗಿನ ಹಿಂಭಾಗ) ನೋಡುವುದು ಮಾತ್ರ ಈ ಎಂಟು ನಿಮಿಷಕ್ಕೆ ಇನ್ನೂ ಕೂತಿಲ್ಲ. ಅದನ್ನು ನೋಡುವ ಹಳೇ ಆಫ್ಥಾಲ್ಮೋಸ್ಕೋಪ್ ಮೂರು ಸಾವಿರಕ್ಕೆ ಸಿಕ್ಕಿತು, ಆದರೆ ನನ್ನ ರೂಮಿನ ಕಿಟಕಿ ರಸ್ತೆಗಿದೆ, ಕತ್ತಲೆ ಆಗಲ್ಲ. ದಪ್ಪ ಪರದೆಗೆ ದರ್ಜಿ ಎರಡು ಸಾವಿರ ಕೇಳುತ್ತಿದ್ದಾನೆ, ಚೌಕಾಸಿ ನಡೆದಿದೆ.