ಪೆವಿಲಿಯನ್ ಹಾಕಿದ ದೇಶಗಳ ಸ್ಟಾಂಪು

ಸ್ಟಾಂಪು ಕೂಡಿಸುವವರು ಹಕ್ಕಿ, ರೈಲು, ಗಾಂಧೀಜಿ ಅಂತ ಒಂದೊಂದು ವಿಷಯ ಹಿಡಿಯುತ್ತಾರೆ. ನಾನು ಹಿಡಿದಿದ್ದು ವಿಶ್ವ ವಸ್ತುಪ್ರದರ್ಶನ, ಅಂದರೆ ಎಕ್ಸ್‌ಪೋ. ಅದರಲ್ಲೂ ಪ್ರದರ್ಶನ ನಡೆಸಿದ ದೇಶದ ಸ್ಟಾಂಪು ನನಗೆ ಬೇಡ. ಅಲ್ಲಿಗೆ ಹೋಗಿ ಪೆವಿಲಿಯನ್ (ತಮ್ಮದೇ ಪ್ರದರ್ಶನ ಮಂಟಪ) ಹಾಕಿದವರದ್ದು ಬೇಕು.

ನಡೆಸಿದವರ ಸ್ಟಾಂಪು ಚಂದ ಇರುತ್ತವೆ, ಇಲ್ಲ ಅನ್ನಲ್ಲ. 1893ರ ಶಿಕಾಗೋ ಪ್ರದರ್ಶನಕ್ಕೆ ಅಮೆರಿಕ ಒಂದು ಸೆಂಟ್‌ನಿಂದ ಐದು ಡಾಲರ್‌ವರೆಗೆ 16 ಸ್ಟಾಂಪು ತಂದಿತ್ತು. ದೊಡ್ಡ ಬೆಲೆಯವು ಕಲಬುರಗಿಯಲ್ಲಿ ಕೂತ ನನ್ನಂಥವನಿಗೆ ಎಟುಕುವುದಿಲ್ಲ ಬಿಡಿ. ಅದೇ ಅಮೆರಿಕ 1958ರ ಬ್ರಸೆಲ್ಸ್ ಪ್ರದರ್ಶನಕ್ಕೆ ಹೋದಾಗ ತನ್ನ ಪೆವಿಲಿಯನ್ ಚಿತ್ರ ಹಾಕಿ ಮೂರು ಸೆಂಟಿನ ಸ್ಟಾಂಪು ತಂತು. ಅದು ಇವತ್ತಿಗೂ ತೀರಾ ಅಗ್ಗ.

ನನಗೆ ಜಾಸ್ತಿ ಇಷ್ಟವಾದದ್ದು 1967ರ ಮಾಂಟ್ರಿಯಲ್ ಎಕ್ಸ್‌ಪೋಗೆ ವಿಶ್ವಸಂಸ್ಥೆ ತಂದ ಐದು ಸ್ಟಾಂಪು. ಬೆಲೆ ಕೆನಡಾದ ದುಡ್ಡಿನಲ್ಲಿದೆ. ಎಕ್ಸ್‌ಪೋ ಒಳಗಿದ್ದ ವಿಶ್ವಸಂಸ್ಥೆ ಪೆವಿಲಿಯನ್‌ನಿಂದ ಟಪಾಲು ಹಾಕಿದರಷ್ಟೇ ಅವು ನಡೆಯುತ್ತಿದ್ದವು. ಹಾಗಾಗಿ ಆ ಪೆವಿಲಿಯನ್ ಠಸ್ಸೆ ಬಿದ್ದ ಲಕೋಟೆ ಕಂಡರೆ ಬಳಸದ ಹೊಸ ಸ್ಟಾಂಪು ಬಿಟ್ಟು ಅದನ್ನೇ ತಗೊಳ್ಳುತ್ತೇನೆ. ಅಂಥ ಲಕೋಟೆಯಿಂದ ಸ್ಟಾಂಪನ್ನು ನೀರಲ್ಲಿ ನೆನೆಸಿ ಬಿಡಿಸಲೇಬಾರದು. ಠಸ್ಸೆ ಅರ್ಧ ಹೋದರೆ ಉಳಿಯುವುದೇನು?

1970ರ ಓಸಾಕಾ ಎಕ್ಸ್‌ಪೋ ಹೆಸರಿನವು ಕೊಲ್ಲಿಯ ಅಜ್ಮಾನ್, ಶಾರ್ಜಾ ಕಡೆಯಿಂದ ರಾಶಿ ರಾಶಿ ಸಿಗುತ್ತವೆ. ಸಂಗ್ರಹಕಾರರಿಗೆ ಮಾರಲೆಂದೇ ಅಚ್ಚು ಹಾಕಿದ್ದು. ಠಸ್ಸೆ ಒಂದು ಮೂಲೆಯಲ್ಲಿ ನೀಟಾಗಿ ಬಿದ್ದಿರುತ್ತದೆ, ತಿರುವಿ ನೋಡಿದರೆ ಹಿಂದಿನ ಅಂಟು ಹಾಗೇ ಹೊಳೆಯುತ್ತದೆ! ಟಪಾಲಿನಲ್ಲಿ ಹೋಗಿ ಬಂದದ್ದಾದರೆ ಅಂಟು ಹೇಗೆ ಉಳೀತದೆ, ಅಲ್ವಾ? ಮಕ್ಕಳಿಗೆ ಕೊಡಲು ಅಡ್ಡಿಯಿಲ್ಲ, ಸ್ಟಾಂಪು ಪ್ರದರ್ಶನಕ್ಕೆ ಇಡುವುದಿಲ್ಲ.

ನಮ್ಮೂರಿನಲ್ಲಿ ಅಂಟಿಗೆ ದೊಡ್ಡ ಶತ್ರು ಬಿಸಿಲಲ್ಲ, ಕೂಲರು. ಬೇಸಿಗೆಯಲ್ಲಿ ಹಗಲಿಡೀ ನೀರಿನ ಕೂಲರ್ ಓಡುತ್ತದೆ. ಆ ತೇವದ ಗಾಳಿಗೆ ಹೊಸ ಸ್ಟಾಂಪು ಆಲ್ಬಮ್ಮಿಗೆ ಅಂಟಿಕೊಂಡು ಬಿಡುತ್ತದೆ. ಆಲ್ಬಮ್ಮುಗಳನ್ನು ಬೇರೆ ಕೋಣೆಯ ಬೀರುವಿನಲ್ಲಿ ನಿಲ್ಲಿಸಿ ಇಡುತ್ತೇನೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಒತ್ತಿ ಅಂಟುತ್ತದೆ. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪುಡಿಕೆ. ಕೈಯಿಂದ ಸುಮ್ನೆ ಮುಟ್ಟುವುದೂ ಇಲ್ಲ, ಚಿಮಟವೇ ಬೇಕು.

ಸ್ಟಾಂಪು ಪ್ರದರ್ಶನದ ಫ್ರೇಮಿನಲ್ಲಿ ಎ4 ಅಳತೆಯ 16 ಹಾಳೆ ಹಿಡಿಯುತ್ತವೆ. ಬರಹ ಎರಡು ಸಾಲು ದಾಟಬಾರದು, ಸ್ಟಾಂಪು ಕಾಣಬೇಕು. ನಿಜಾಮರ ಕಾಲದ 1931ರ ಸರಣಿಯ ಹನ್ನೆರಡಾಣೆ ಸ್ಟಾಂಪೂ ನನ್ನಲ್ಲಿದೆ. ಅದರ ಮೇಲಿರುವುದು ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ. ಮನೆಗೆ ಬಂದವರೆಲ್ಲ ಮೊದಲು ಅದನ್ನೇ ಕೇಳಿ ನೋಡುತ್ತಾರೆ. ಆದರೂ ಅದನ್ನು ಈ ಫ್ರೇಮಿಗೆ ಹಾಕಲ್ಲ, ವಿಷಯ ಬೇರೆ.